ಮೂಲೆಯ ನಾಲ್ಕು ತಂತಿ

"ಗಣೇಶನ ಪೆಂಡಾಲ್ ಆರ್ಕೆಸ್ಟ್ರಾದಲ್ಲಿ ಮೂಲೇಲಿ ನಿಂತಿರ್ತಾನಲ್ಲ, ಅವನೇನು ಮಾಡ್ತಾನೆ ಸ್ವಾಮಿ?" ಎಂದು ರಸಿಕರು ಕೇಳುತ್ತಾರೆ. ಬೇಸ್ ಗಿಟಾರ್ ನುಡಿಸುತ್ತಾನೆ. "ಕೇಳಿಸೋದೇ ಇಲ್ವಲ್ಲ!" ನಿಜ, ಅವನ ದಪ್ಪ ತಂತಿಯ ಮೂಲನಾದ ಸೆಕೆಂಡಿಗೆ ಸುಮಾರು 41 ಕಂಪನ, ನೀವು ವಿಡಿಯೊ ನೋಡುವ ಮೊಬೈಲಿನ ಪುಟ್ಟ ಸ್ಪೀಕರಿಗೆ ಅದು ಎಟುಕದು. ಆದರೆ ಅವನು ಕೈ ತೆಗೆದರೆ ಡ್ರಮ್ಮು ಏರಿಗೆ, ಗಾಯಕ ನೀರಿಗೆ. "ಕೀಬೋರ್ಡಿನವನ ಎಡಗೈ ಸಾಲ್ದಾ?" ಸಾಲುತ್ತದೆ, ಒಬ್ಬನ ಊಟ ಉಳಿಸುವ ಸಂಘಟಕರ ಲೆಕ್ಕದಲ್ಲಿ. ಅಮೆರಿಕದ ಮೋಟೌನ್ ರೆಕಾರ್ಡ್ ಕಂಪನಿಯ ಹಾಡುಗಳನ್ನು ವರ್ಷಗಟ್ಟಲೆ ಹೊತ್ತ ಬೇಸ್ ವಾದಕ ಜೇಮ್ಸ್ ಜೇಮರ್ಸನ್ ಹೆಸರೇ ರೆಕಾರ್ಡಿನ ಕವರಿಗೇರಲು 1971 ಬರಬೇಕಾಯಿತು. ನಮ್ಮವನೋ ಹವ್ಯಾಸಿ; ಆಂಪ್ ಹೊರುವವನೂ ಅವನೇ, ಆಟೊ ಬಾಡಿಗೆಯೂ ಅವನದೇ. "ಮತ್ಯಾಕೆ ಹೋಗ್ತಾನೆ?" ಲೀಡ್ ಗಿಟಾರ್ ನುಡಿಸುವವರು ಬೀದಿಗೆ ಹತ್ತು ಜನ, ಫೋನ್ ಬರುವುದು ಇವನಿಗೆ.