ಪಾಸ್ ಐತಿ, ಮೆಟ್ಟಿಲೂ ಐತಿ

ಹಾವೇರಿ ಬಸ್ ನಿಲ್ದಾಣಕ್ಕೆ ಬ್ಯಾಡಗಿ ಬಸ್ಸು ಬಂತು. ಗಾಲಿಕುರ್ಚಿಯ ಯಜಮಾನರು ಅಂಗವಿಕಲರ ರಿಯಾಯಿತಿ ಪಾಸ್ ತೋರಿಸಿದರು. ಮನೆಯಿಂದ 100 ಕಿ.ಮೀ.ವರೆಗೆ ಓಡಾಡಲು ಕೊಟ್ಟದ್ದು. ಬಾಗಿಲ ಮೆಟ್ಟಿಲು ಮಾತ್ರ ಆ ಲೆಕ್ಕಕ್ಕೆ ಸೇರಿಲ್ಲ.

"ಲಗೂನ ಹತ್ರೀ, ಯಜಮಾನ್ರ."

"ಹತ್ತಾಕ ಬಂದಿದ್ರ ಕುರ್ಚಿ ಯಾಕ ತರ್ತಿದ್ದೆ? 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ, 41ನೇ ಕಲಂ ಓದ್ರಿ. ಹಳೆ ಗಾಡಿನೂ ಸಾಧ್ಯ ಇದ್ದಲ್ಲಿ ತಿದ್ದಬೇಕಂತ ಐತಿ."

"ಕಾಯ್ದೆ ದಿಲ್ಲೀದ್ರಿ, ಬಸ್ಸು ಡಿಪೋದ್ದು. ಬ್ಯಾಡಗಿ, ರಾಣೇಬೆನ್ನೂರಿಗೆ ರೈಲೂ ಐತಲ್ಲ?"

"ಅದಕ್ಕೂ ಮೆಟ್ಟಿಲ ಅದಾವ."

ಕಂಡಕ್ಟರ್ ಕೆಟ್ಟವನಲ್ಲ, ಅವನ ಕೈಯಲ್ಲಿರುವುದು ಟಿಕೆಟ್ ಯಂತ್ರ, ಇಳಿಜಾರು ಹಲಗೆಯಲ್ಲ. ಮಾರುಕಟ್ಟೆಗೆ ಹೊರಟಿದ್ದ ಇಬ್ಬರು ಹಮಾಲರು ಯಜಮಾನರನ್ನು ಮೆಣಸಿನಕಾಯಿ ಚೀಲದಂತೆ ಎತ್ತಿ ಕೂರಿಸಿದರು.

"ಕುರ್ಚಿಗೆ ಲಗೇಜ್ ಚೀಟಿ ಬೇಕ್ರಿ."

"ತೂಕ ಕುರ್ಚೀದೋ, ನಂದೂ ಸೇರ್ಸೋ?"