ಖಾಲಿ ಇದ್ದರೆ ನಿರಪರಾಧಿ

ಮುಂಬಯಿಯ ಗ್ರಾಂಟ್ ರೋಡ್ ಸ್ಟೇಷನ್ನಿನ ಹತ್ತಿರದ ಹಳೇ ಚಾಳೊಂದರ ಮೂರನೇ ಮಾಳಿಗೆ. ಗ್ಯಾಲರಿಯಲ್ಲಿ ಒಣಹಾಕಿದ ಲುಂಗಿಗೂ ತುಳಸಿ ನೆಟ್ಟ ಎಣ್ಣೆಡಬ್ಬಕ್ಕೂ ನಡುವೆ ಒಂದು ಪಂಜರ ತೂಗುತ್ತಿದೆ. ದುಂಡು ಮೈ, ಗುಮ್ಮಟದಂಥ ತಲೆ. ಒಳಗಿದ್ದ ಗಿಳಿಯನ್ನು ಅರಣ್ಯ ಇಲಾಖೆಗೆ ಒಪ್ಪಿಸಿಯಾಗಿದೆ. ಮಾತಾಡುವವನೇ ಹೋದ ಮೇಲೆ ಪಂಜರವನ್ನಾದರೂ ಮಾತಾಡಿಸೋಣವೆಂದು ಪತ್ರಿಕೆಯ ಪ್ರತಿನಿಧಿ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿದ.

“ಮೊದಲು ಇದನ್ನು ಬರಕೊಳ್ಳಿ,” ಎಂದಿತು ಪಂಜರ. “ನಾನು ಕ್ರಾಫರ್ಡ್ ಮಾರ್ಕೆಟ್ಟಿನ ಮಾಲು. ನನ್ನನ್ನು ಮಾರಬಹುದು, ಕೊಳ್ಳಬಹುದು, ಎಲ್ಲಿ ಬೇಕಾದರೂ ತೂಗುಹಾಕಬಹುದು. ಊರ ಗಿಳಿ ಒಳಗೆ ಕೂತರೆ ಮಾತ್ರ ಲಫಡಾ.”

ಲಫಡಾ ಸಣ್ಣದೇನಲ್ಲ. ಕೊರಳಿಗೆ ಗುಲಾಬಿ ಪಟ್ಟಿಯ ನಮ್ಮ ಹಸಿರು ಗಿಳಿಯನ್ನು ಹಿಡಿಯುವುದು, ಮಾರುವುದು, ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧ. 2022ರ ತಿದ್ದುಪಡಿ 2023ರ ಏಪ್ರಿಲ್ 1ರಂದು ಜಾರಿಗೆ ಬಂದ ಮೇಲೆ ಈ ಗಿಳಿ ಎರಡನೇ ಅನುಸೂಚಿಯಲ್ಲಿದೆ. 3 ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

“ಯಜಮಾನರಿಗೆ ಗೊತ್ತಿರಲಿಲ್ಲವೇ?”

“ಅವರು ಉಡುಪಿ ಕಡೆಯವರು, ಹೋಟೆಲಿನವರು. ಗುಮಾಸ್ತಾ ಲೈಸೆನ್ಸು, ಆಹಾರದ ಲೈಸೆನ್ಸು ಎಲ್ಲಕ್ಕೂ ಫ್ರೇಮು ಹಾಕಿಸಿ ಗಲ್ಲಾಪೆಟ್ಟಿಗೆಯ ಹಿಂದೆ ತೂಗುಹಾಕಿದವರು. ಗಿಳಿಗೂ ಲೈಸೆನ್ಸು ಇರುತ್ತದೆಯೇ ಎಂದು ಕೇಳುವ ಯೋಚನೆ ಬರಲಿಲ್ಲ. ಬಂದಿದ್ದರೂ ಯಾರೂ ಕೊಡುತ್ತಿರಲಿಲ್ಲ ಬಿಡಿ.”

ಆದರೆ ಆರೈಕೆಗೆ ಕೊರತೆ ಇರಲಿಲ್ಲ ಎಂಬುದು ಪಂಜರದ ವಾದ. ದಿನಾ ಹಸಿಮೆಣಸು ತಿನ್ನಿಸಿದರಂತೆ, ನಾಲಗೆ ಹರಿತವಾಗಿ ಮಾತು ಬರಲಿ ಎಂದು. ಪ್ರತಿನಿಧಿ ಓದಿಕೊಂಡು ಬಂದಿದ್ದ: ಹಕ್ಕಿಗಳಿಗೆ ಮೆಣಸಿನ ಖಾರ ತಟ್ಟುವುದೇ ಇಲ್ಲ, ನಮಗೆ ಉರಿ ಎಬ್ಬಿಸುವ ಕ್ಯಾಪ್ಸೈಸಿನ್ ಅವುಗಳ ನರಗಳಿಗೆ ಲೆಕ್ಕಕ್ಕಿಲ್ಲ. ಗಿಳಿಯ ಮಾತು ಹುಟ್ಟುವುದೂ ಎದೆಯ ಬಳಿ ಶ್ವಾಸನಾಳ ಕವಲೊಡೆಯುವ ಕಡೆ ಇರುವ ಸಿರಿಂಕ್ಸ್ ಎಂಬ ಅಂಗದಿಂದ.

“ಸೂರ್ಯಕಾಂತಿ ಬೀಜವನ್ನೂ ಹೊಟ್ಟೆತುಂಬಾ ಕೊಟ್ಟರು,” ಪಂಜರ ಪಟ್ಟು ಬಿಡಲಿಲ್ಲ.

ಅದರಲ್ಲಿ ಕೊಬ್ಬು ಬಹಳ, ವಿಟಮಿನ್ ಎ ಇಲ್ಲವೆನ್ನುವಷ್ಟು ಕಡಿಮೆ; ಬರೀ ಬೀಜ ತಿಂದ ಸಾಕುಗಿಳಿ ಉಸಿರಾಟದ ಸೋಂಕಿಗೆ ಸುಲಭದ ತುತ್ತು. ಸಂಜೆಗೆ ಬಸಿಯಲ್ಲಿ ಚಹಾ, ಅದೂ ಹಕ್ಕಿಗೆ ಒಗ್ಗದು. ಮಗ ಆನ್‌ಲೈನಿನಲ್ಲಿ ತರಿಸಿದ ನಾನ್‌ಸ್ಟಿಕ್ ಕಾವಲಿಯ ವಿಷಯ ಬಂದಾಗಲಂತೂ ಪ್ರತಿನಿಧಿ ಬೆಚ್ಚಿದ. ಅತಿಯಾಗಿ ಕಾದರೆ ಅದರ ಲೇಪದಿಂದ ಏಳುವ ಹೊಗೆ ನಿಮಿಷಗಳಲ್ಲಿ ಹಕ್ಕಿಯ ಜೀವ ತೆಗೆಯಬಲ್ಲದು. ಆ ಮನೆಯಲ್ಲಿ ಗಿಳಿ ಬದುಕಿದ್ದು ಅಜ್ಜಿಯಿಂದ: ಬೀಡಿನ ಕಾವಲಿ ಇಲ್ಲದೆ ದೋಸೆ ಹುಯ್ಯಲಾರೆನೆಂದು ಆಕೆ ಹಟ ಹಿಡಿದಿದ್ದರು.

“ನಿನ್ನ ತಂತಿಗೆ ಸತುವಿನ ಲೇಪ ಇದೆಯಲ್ಲ?” ಎಂದ ಪ್ರತಿನಿಧಿ. “ಗಿಳಿ ಅದನ್ನು ಕಚ್ಚಿ ಕಚ್ಚಿ ನುಂಗಿದರೆ ವಿಷವಾಗುತ್ತದೆ. ರೆಕ್ಕೆ ಬಿಚ್ಚಲೂ ಜಾಗವಿಲ್ಲ.”

“ಖೋಲಿಯೇ ಹತ್ತಡಿ ಹತ್ತಡಿ. ಆರು ಜನ ಮಲಗುತ್ತಾರೆ. ಅವರು ಕೈಕಾಲು ಚಾಚಿದ್ದನ್ನು ನಾನಂತೂ ನೋಡಿಲ್ಲ.”

ಉತ್ತರ ಒರಟು, ಆದರೆ ಸುಳ್ಳೆನ್ನಲಾಗದು.

ಪಂಜರಕ್ಕೆ ಒಂದು ಹಳೆಯ ನೋವಿದೆ. 2013ರ ಮೇ ತಿಂಗಳಲ್ಲಿ ಕಲ್ಲಿದ್ದಲು ಹಗರಣದ ವಿಚಾರಣೆಯಲ್ಲಿ ಸುಪ್ರೀಂ ಕೋರ್ಟ್ ಸಿಬಿಐಯನ್ನು ಪಂಜರದ ಗಿಳಿ ಎಂದು ಕರೆಯಿತು. “ದೇಶಕ್ಕೆ ದೇಶವೇ ಗಿಳಿಗೆ ಮರುಗಿತು. ಪಂಜರ ಯಾರು ಅಂತ ಒಬ್ಬರಾದರೂ ನನ್ನನ್ನು ಕೇಳಿದರೇ?” ಪ್ರತಿನಿಧಿಯೂ ಕೇಳಲಿಲ್ಲ. ಪತ್ರಿಕೆಗೆ ಸರ್ಕಾರಿ ಜಾಹೀರಾತು ಬರುತ್ತದೆ.

ಗಿಳಿ ಬಂದದ್ದೆಲ್ಲಿಂದ? ಚಳಿ ಕಳೆಯುವ ಹೊತ್ತಿಗೆ ಇವು ಮರದ ಪೊಟರೆಯಲ್ಲಿ ಮರಿಮಾಡುತ್ತವೆ. ರೆಕ್ಕೆ ಬಲಿಯುವ ಮೊದಲೇ ಮರಿ ಕದ್ದು, ಬುಟ್ಟಿಯಲ್ಲಿ ತುರುಕಿ ಪೇಟೆಗೆ ತರುತ್ತಾರೆ. ದಾರಿಯಲ್ಲಿ ಸತ್ತವನ್ನು ಯಾರೂ ಲೆಕ್ಕ ಇಡುವುದಿಲ್ಲ. ಉಳಿದದ್ದು ಯಾರದೋ ಗ್ಯಾಲರಿ ಸೇರಿ ‘ಮಿಠ್ಠೂ’ ಆಗುತ್ತದೆ.

“ಒಪ್ಪಿಸುವ ಬದಲು ಹಾರಿಬಿಡಬಹುದಿತ್ತಲ್ಲ?”

“ರೆಕ್ಕೆ ಕತ್ತರಿಸಿದ್ದರಲ್ಲ, ಪ್ರೀತಿಯಿಂದ! ಹೊರಗೆ ಕಾಗೆ, ಕೆಳಗೆ ಬೆಕ್ಕು. ಗರಿ ಹೊಸದಾಗಿ ಬಂದು, ಹಾರುವುದು ಕಲಿತು, ಹಿಂಡು ಸೇರುವ ತನಕ ಯಾರಾದರೂ ನೋಡಿಕೊಳ್ಳಬೇಕು. ಅದಕ್ಕೇ ಇಲಾಖೆ.”

ಅಷ್ಟರಲ್ಲಿ ಪಂಜರ ರಾಜಕೀಯಕ್ಕೆ ಇಳಿಯಿತು. 1966ರಲ್ಲಿ ಶಿವಸೇನೆ ಹುಟ್ಟಿದ ಮೇಲೆ ದಕ್ಷಿಣದವರ ಮೇಲೆ, ಉಡುಪಿ ಹೋಟೆಲುಗಳ ಮೇಲೆ ಸಿಟ್ಟು ತಿರುಗಿದ ಕಾಲವನ್ನು ಯಜಮಾನರ ಅಪ್ಪ ಕಂಡವರು. “ಅವರು ಹೊರಗಿನವರು ಅನ್ನಿಸಿಕೊಂಡರು. ಗಿಳಿಯೋ, ಅಪ್ಪಟ ಭೂಮಿಪುತ್ರ. ಆದರೆ ಈಗ ಮನೆಯಲ್ಲಿ ಇರಬಾರದ್ದು ಭೂಮಿಪುತ್ರನೇ. ಆಫ್ರಿಕಾದ ಬೂದು ಗಿಳಿ ಕಾಗದಪತ್ರ ಸರಿಯಿದ್ದರೆ ಆರಾಮಾಗಿ ಇರಬಹುದು.”

ಮಾತಿನಲ್ಲಿ ಕುಹಕವಿದ್ದರೂ ಮಾಹಿತಿ ಸರಿ. ಕಾಡಿನಿಂದ ಹಿಡಿದ ಬೂದು ಗಿಳಿಯ ಅಂತರರಾಷ್ಟ್ರೀಯ ವ್ಯಾಪಾರಕ್ಕೆ 2017ರಿಂದ ನಿಷೇಧವಿದೆ. ಭಾರತದಲ್ಲಿ ಅಂಥ ವಿದೇಶಿ ಜೀವಿ ಸಾಕುವವರು 2024ರ ನಿಯಮದಂತೆ ಪರಿವೇಶ್ ಪೋರ್ಟಲ್ಲಿನಲ್ಲಿ ನೋಂದಾಯಿಸಬೇಕು. ಅತ್ತ ನಮ್ಮ ಹಸಿರು ಗಿಳಿ ಯೂರೋಪಿನಲ್ಲಿ ವಲಸಿಗ: 1974ರಲ್ಲಿ ಬ್ರಸೆಲ್ಸಿನ ಉದ್ಯಾನವೊಂದು ಹಾರಿಬಿಟ್ಟ ಕೆಲವೇ ಹಕ್ಕಿಗಳ ಸಂತಾನ ಈಗ ಆ ನಗರದಲ್ಲಿ ಸಾವಿರಗಟ್ಟಲೆ. ಪೊಟರೆಗಳನ್ನು ಆಕ್ರಮಿಸಿ ಸ್ಥಳೀಯ ಹಕ್ಕಿಗಳ ಜಾಗ ಕಸಿಯುತ್ತಿವೆಯೆಂದು ಅಲ್ಲಿಯವರ ದೂರು. ದಾದರಿನಲ್ಲಿ ಯಾರೋ ಹೊರಗಿನವರ ವಿರುದ್ಧ ಮಾಡಿದ ಭಾಷಣದ ಅನುವಾದ ಎಂದರೂ ನಡೆದೀತು.

“ಮುಂದೇನು ಮಾಡುವ ಯೋಚನೆ?”

“ಎರಡನೇ ಮಾಳಿಗೆಯವರು ಮನೆ ರಿನೋವೇಟ್ ಮಾಡಿಸುತ್ತಿದ್ದಾರೆ. ನನಗೆ ಚಿನ್ನದ ಬಣ್ಣ ಬಳಿದು, ಒಳಗೆ ಮನಿಪ್ಲಾಂಟ್ ಇಡಬೇಕಂತೆ.” ಪಂಜರ ದನಿ ತಗ್ಗಿಸಿತು. “ಅದೂ ಹೊರದೇಶದ ಬಳ್ಳಿ ಅಂತಾರೆ, ತೊಂದರೆ ಇರಲಾರದು. ಆದರೂ ಯಾವುದಾದರೂ ಅನುಸೂಚಿಯಲ್ಲಿ ಇದೆಯಾ ಅಂತ ಸ್ವಲ್ಪ ನೋಡಿ ಹೇಳ್ತೀರಾ?”