ರಾಯರ ಕಾರಿನ ಆಕಾಶವಾಣಿ

ಡಿಜಿಟಲ್ ರೇಡಿಯೋ ಭಕ್ತರನ್ನು ಗುರುತಿಸುವುದು ಸುಲಭ: ಕಾರು ನಿಂತಿರುತ್ತದೆ, ಅವರು ಇಳಿದಿರುವುದಿಲ್ಲ. ಇಂದಿರಾಪುರಂನಲ್ಲಿ ನನ್ನ ಪಾಲಿಗೆ ಬಂದ ಭಕ್ತರು ನಮ್ಮ ಸೊಸೈಟಿಯ ರಾಯರು. ದೆಹಲಿಯ ಆಫೀಸಿಗೆ ನಾನು ಹೋಗುವುದು ಅವರ ಕಾರಿನಲ್ಲೇ. ಪೆಟ್ರೋಲಿಗೆಂದು ದುಡ್ಡು ಕೊಟ್ಟರೆ ಮುಟ್ಟುವುದಿಲ್ಲ. ಉಪನ್ಯಾಸ ಮಾಡಿ ವಸೂಲು ಮಾಡಿಕೊಳ್ಳುತ್ತಾರೆ. ಡಿಆರ್‌ಎಂ ಎಂಬ ಡಿಜಿಟಲ್ ರೇಡಿಯೋ ಪದ್ಧತಿಯ ಒಕ್ಕೂಟ ಹುಟ್ಟಿದ್ದು 1998ರಲ್ಲಿ, ಚೀನಾದ ಗುವಾಂಗ್‌ಝೌನಲ್ಲಿ. ನಮ್ಮ ಆಕಾಶವಾಣಿ ಆ ಪದ್ಧತಿಯನ್ನು 35 ಮೀಡಿಯಂ ವೇವ್ ಟ್ರಾನ್ಸ್‌ಮಿಟರುಗಳಲ್ಲಿ ತಂದಿತು. ಕಾಲಾ ಪತ್ಥರ್ ರಸ್ತೆಯ ಜಾಮ್ ಬಿಡುವುದರೊಳಗೆ ಇಷ್ಟೂ ಪಾರಾಯಣ ಮುಗಿದಿರುತ್ತದೆ. “ಬೇರೆ ಸೆಟ್ ತಗೊಳ್ಳೋಕೆ ಹೋದ್ರೆ ದುಬಾರಿ ರೀ. ಕಾರಲ್ಲಿ ಪುಕ್ಕಟೆ!” ಆ ಪುಕ್ಕಟೆ ರೇಡಿಯೋಗಾಗಿ ಕಾರಿನ ಸಾಲದ ಕಂತು ಇನ್ನೂ ಕಟ್ಟುತ್ತಿದ್ದಾರೆ.

ಹಳೆಯ ಮೀಡಿಯಂ ವೇವ್ ಗೊರಗೊರ ಎನ್ನುತ್ತಲಾದರೂ ಸುದ್ದಿ ಮುಟ್ಟಿಸುತ್ತಿತ್ತು. ಡಿಜಿಟಲ್‌ಗೆ ಆ ದಾಕ್ಷಿಣ್ಯವಿಲ್ಲ. ತರಂಗಕ್ಕೆ ಬಲವಿದ್ದರೆ ಸ್ವಚ್ಛ ದನಿ, ಕೊಂಚ ಕಡಿಮೆಯಾದರೆ ಪೂರ್ತಿ ಮೂಕ. ಒಮ್ಮೆ ಕ್ರಿಕೆಟ್ ಕಾಮೆಂಟರಿಯ ಕೊನೆಯ ಓವರ್; ಕಾರು ಫ್ಲೈಓವರ್ ಕೆಳಗೆ ನುಗ್ಗಿದ್ದೇ ತಡ, ದನಿ ಮಾಯ. ರಾಯರು ಈಚೆ ಬಂದವರೇ ಗಕ್ಕನೆ ಕಾರು ನಿಲ್ಲಿಸಿ, “ಶ್! ಈಗ ಬರುತ್ತೆ” ಎಂದರು. ಹಿಂದೆ ಹಾರ್ನುಗಳ ಜಾತ್ರೆ. ಆಟೋದವನೊಬ್ಬ ಇಣುಕಿದ: “ಬಾಬೂಜಿ, ಗಾಡಿ ಖರಾಬ್ ಹೈ?”

“ಗಾಡಿ ನಹೀ, ಸಿಗ್ನಲ್!”

ಅವನು ಮುಂದಿನ ಚೌಕದ ಕಡೆ ಕೈ ತೋರಿಸಿದ: “ಸಿಗ್ನಲ್ ತೋ ಹರಾ ಹೈ!”

ಇನ್ನು ರೇಡಿಯೋದಲ್ಲಿ ಗಂಟೆ ಹೇಳುವ ಪೀಪ್. ಡಿಜಿಟಲ್ ದನಿ ಕಟ್ಟಿ, ಬಿಚ್ಚಿ ಬರುವುದಕ್ಕೆ ಕೆಲವು ಸೆಕೆಂಡು ಹಿಡಿಯುತ್ತದೆ. ರಾಯರು ತಮ್ಮ ಕೈಗಡಿಯಾರವನ್ನೇ ಅಷ್ಟು ಹಿಂದಕ್ಕೆ ತಿರುಗಿಸಿಕೊಂಡಿದ್ದಾರೆ.

ರಾತ್ರಿ ಊಟವಾದ ಮೇಲೆ ಬೇಸ್‌ಮೆಂಟಿನಿಂದ ಕಾರು ಮೇಲೆ ತಂದು ಬೆಂಗಳೂರು ಆಕಾಶವಾಣಿಯ 612 ಹುಡುಕುತ್ತಾರೆ. ಇಲ್ಲಿ ಮಾತ್ರ ಡಿಜಿಟಲ್ ವ್ರತಕ್ಕೆ ವಿನಾಯಿತಿ. ಕತ್ತಲಾದ ಮೇಲೆ ಮೀಡಿಯಂ ವೇವ್ ಆಕಾಶದಿಂದ ಪುಟಿದು ದೂರದೂರಿಗೂ ಮುಟ್ಟುತ್ತದಂತೆ. ಅಷ್ಟರಲ್ಲಿ ಮೇಲಿನ ಫ್ಲ್ಯಾಟಿನಲ್ಲಿ ಅವರ ಮನೆಯವರು ಅದೇ ಕೇಂದ್ರವನ್ನು ಮೊಬೈಲ್‌ನಲ್ಲಿ ಹಾಕಿಕೊಂಡು ಆರಾಮವಾಗಿ ಹುಳಿಗೆ ಬೇಳೆ ನೆನೆಹಾಕುತ್ತಿರುತ್ತಾರೆ.

“ಅದನ್ನೇ ಕೇಳಬಹುದಲ್ಲ ರಾಯರೇ?” ಎಂದೆ ಒಂದು ರಾತ್ರಿ, ಪಕ್ಕದ ಸೀಟಿನಲ್ಲಿ ಕೂತು.

“ಅದು ನಾವು ಕರೆಸಿಕೊಳ್ಳೋದು. ಇದು ಅಲ್ಲಿಂದ ತಾನಾಗೇ ಬರೋದು.”

ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಬೇಕೆಂದಾಗಲೆಲ್ಲ ಊರು ಬೆರಳತುದಿಗೆ ಸಿಗತೊಡಗಿದ ಮೇಲೆ ಅದಕ್ಕಾಗಿ ಕಾಯುವುದನ್ನೇ ಬಿಟ್ಟಿದ್ದೇವೆ. ಈ ಮನುಷ್ಯ ನಮ್ಮೆಲ್ಲರ ಪರವಾಗಿ ಕಾಯುತ್ತಿದ್ದಾರೇನೋ ಅನ್ನಿಸಿ ಗಂಟಲು ಕಟ್ಟಿತು. ಸರಿಮಾಡಿಕೊಳ್ಳಲು ಕೆಮ್ಮಿದೆ.

“ಸ್ವಲ್ಪ ಸುಮ್ನಿರ್ತೀರಾ?” ಎಂದು ರಾಯರು ಗದರಿದರು. “ಈಗಷ್ಟೇ ಏನೋ ಕನ್ನಡದ ಹಾಗೆ ಕೇಳಿಸ್ತು, ನಿಮ್ಮ ಕೆಮ್ಮಲ್ಲಿ ಹೋಯ್ತು!”